ಮಿಲ್ಲಿನ ಹೊಂಡಕ್ಕೊಂದು ಹೂದಂಡೆ

ಹಳೆ ಹತ್ತಿ ಮಿಲ್ಲಿನ ಹೊಂಡದಿಂದ ಮೊದಲ ಬಕೆಟ್ ಕೆಸರು ಮೇಲೆ ಬಂದ ಕೂಡಲೇ ಜೆಸಿಬಿ ಹುಡುಗ ಇಂಜಿನ್ ಆಫ್ ಮಾಡಿ ಕೆಳಗಿಳಿದ. "ಅಣ್ಣಾ, ಇದು ಮಣ್ಣಲ್ಲ, ಬೇರೆ ಏನೋ ಐತಿ" ಅಂದ. ಕಪ್ಪಗೆ, ಜಿಡ್ಡು ಜಿಡ್ಡಾಗಿತ್ತು. ಕೊಳೆತ ಮೊಟ್ಟೆಯ ವಾಸನೆ. ಕಲ್ಲಿದ್ದಲಿನ ಕಿಟ್ಟದ ಗಡ್ಡೆಗಳ ನಡುವೆ ನೂಲು ಸುತ್ತುವ ಒಂದು ಮರದ ಬಾಬಿನ್ ಸಿಕ್ಕಿತು. ಇಷ್ಟು ವರ್ಷ ಕೆಸರಲ್ಲಿದ್ದರೂ ಅದರ ತುದಿಯ ತಗಡಿನ ಬಳೆ ಉದುರಿರಲಿಲ್ಲ. ತೊಳೆದು ಜೇಬಿಗೆ ಹಾಕಿಕೊಂಡೆ.

ನಮ್ಮಪ್ಪ ಇದೇ ಮಿಲ್ಲಿನ ಬಾಯ್ಲರ್ ಮನೆಯಲ್ಲಿ ಕೆಲಸಕ್ಕಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು. ನಮ್ಮೂರಿನ ಒಣ ಹವೆಗೆ ನೂಲು ಪಟ್ ಅಂತ ಹರಿಯುತ್ತೆ, ಹಾಗಾಗಿ ನೂಲುವ ಖಾತೆಯೊಳಗೆ ಸದಾ ತೇವ ಇರಬೇಕಿತ್ತು. ಹಾಸಿನ ನೂಲಿಗೆ, ಅಂದರೆ ಮಗ್ಗದ ಉದ್ದೆಳೆಗೆ, ಗಂಜಿ ಹಿಡಿಸಲು ಹಬೆ ಬೇಕಿತ್ತು. ಎರಡಕ್ಕೂ ಈ ಹೊಂಡದ ನೀರೇ. ಆಮೇಲೆ ಬೋರ್‌ವೆಲ್ ಬಂತು, ಹೊಂಡ ಬೂದಿ ಸುರಿಯುವ ಗುಂಡಿಯಾಯ್ತು. ಕೊನೆಗೆ ಮಿಲ್ಲೂ ಬಾಗಿಲು ಹಾಕಿತು.

ಈಗ ಆ ಜಾಗ ಲೇಔಟ್. ಹನ್ನೆರಡು ಗುಂಟೆಯ ಹೊಂಡವನ್ನು ಮುಚ್ಚಿ ಸೈಟ್ ಮಾಡದೆ ಬಿಟ್ಟಿದ್ದೇ ಆಶ್ಚರ್ಯ. ನಾನು ನರ್ಸರಿ ಇಟ್ಟವನು. 2021ರಲ್ಲಿ ಜಾಗದವರು ಕರೆದು, "ಸುತ್ತ ಕಲರ್ ಕಲರ್ ಗಿಡ ಹಾಕಿಕೊಡ್ರಿ, ಮುಂದಿನ ಯುಗಾದಿಗೆ ಓಪನಿಂಗ್" ಅಂದರು. ಮರ ಬೇಡ ಅಂತ ನಾನೇ ಹೇಳಿದೆ. ಏರಿಯ ಮೇಲೆ ದೊಡ್ಡ ಮರ ಬೆಳೆದರೆ ಬೇರು ಕಲ್ಲುಕಟ್ಟಡ ಸಡಿಲ ಮಾಡುತ್ತೆ, ಎಲೆಯೆಲ್ಲ ನೀರಿಗೆ ಬಿದ್ದು ಕೊಳೆಯುತ್ತೆ. ಪೊದೆಗಿಡ ಸಾಕು.

ಹೂಳು ತೆಗೆಯುತ್ತಿದ್ದಂತೆ ಹಳ್ಳಿಯಿಂದ ಟ್ರ್ಯಾಕ್ಟರ್‌ಗಳು ಬಂದವು. ಕೆರೆ ಗೋಡು ಅಂದರೆ ನಮ್ಮ ಕಡೆ ರೈತರಿಗೆ ಚಿನ್ನ ಅಲ್ವಾ? ಕೊಡಲ್ಲ ಅಂದೆ. ಎಣ್ಣೆ, ಬೂದಿ, ಇನ್ನೇನಿದೆಯೋ, ಅದನ್ನು ಹೊಲಕ್ಕೆ ಹಾಕೋದು ಹೇಗೆ? ಒಬ್ಬರು ಸಿಟ್ಟಾಗಿ, "ಹೊಂಡ ನಿಮ್ಮಪ್ಪಂದೇನು?" ಅಂದೇಬಿಟ್ಟರು. ಒಂದು ಲೆಕ್ಕಕ್ಕೆ ಹೌದು ಅನ್ನಬೇಕು ಅನಿಸಿತು, ಸುಮ್ನಾದೆ. ಕೆಸರನ್ನು ಹಳೆ ಗೋಡೌನಿನ ಕಾಂಕ್ರೀಟ್ ನೆಲದ ಮೇಲೆ ಹರಡಿ ಒಣಗಿಸಿ, ಮೇಲೆ ಎರಡಡಿ ಕೆಂಪು ಮಣ್ಣು ಹೊದಿಸಿದೆ. ಈಗ ಆ ದಿಬ್ಬದ ಮೇಲೆ ಕಾಗದದ ಹೂ ಹಬ್ಬಿದೆ.

ಆದರೆ ನಾನೂ ಒಂದು ಎಡವಟ್ಟು ಮಾಡಿದೆ. ಪೂರ್ತಿ ಕ್ಲೀನ್ ಆಗಲಿ ಅಂತ ಜೆಸಿಬಿಯಿಂದ ತಳದವರೆಗೂ ಕೆರೆಸಿಬಿಟ್ಟೆ. ಹಳಬರು ತಳಕ್ಕೆ ಹಾಸಿದ್ದ ಜಿಗುಟು ಮಣ್ಣಿನ ಪದರವೂ ಹೋಯ್ತು. ಮೊದಲ ಮಳೆಗೆ ನಿಂತ ನೀರು ಎಂಟೇ ದಿನಕ್ಕೆ ಇಂಗಿತು. ಎರೆಮಣ್ಣು ತರಿಸಿ, ಅರ್ಧ ಅಡಿಯಂತೆ ಎರಡು ಪದರ ಹಾಕಿ, ನೀರು ಬಿಟ್ಟು ಟ್ರ್ಯಾಕ್ಟರ್‌ನಲ್ಲಿ ತುಳಿಸಿದೆ. ಎರೆಮಣ್ಣು ನೆನೆದರೆ ಉಬ್ಬುತ್ತೆ, ಸಂದು ತಾನೇ ಮುಚ್ಚಿಕೊಳ್ಳುತ್ತೆ. ಆದರೆ ಪೂರ್ತಿ ಒಣಗಲು ಬಿಡಬಾರದು, ಬಿರುಕು ಬಿಟ್ಟರೆ ಮತ್ತೆ ಮೊದಲಿನ ಕತೆ. ಬೇಸಿಗೆಯಲ್ಲಿ ತಳದಲ್ಲಿ ಒಂದಡಿ ನೀರಾದರೂ ಉಳಿಯುವಂತೆ ನೋಡಿಕೊಳ್ಳುತ್ತೇನೆ.

ದಂಡೆಯ ಮಣ್ಣು ಪರೀಕ್ಷೆ ಮಾಡಿಸಿದರೆ ರಸಸಾರ (pH) 8.9, ಅಂದರೆ ಕ್ಷಾರ ಜಾಸ್ತಿ. ಬೂದಿಯ ಪ್ರಸಾದ. ಜಿಪ್ಸಂ ಹಾಕಿ, ಹಸಿರೆಲೆ ಗೊಬ್ಬರಕ್ಕೆ ಬೆಳೆಯುವ ಡಯಾಂಚ ಬಿತ್ತಿದೆ, 45 ದಿನಕ್ಕೆ ಕತ್ತರಿಸಿ ಮಣ್ಣಿಗೆ ಸೇರಿಸಿದೆ. ಯುಗಾದಿಗೆ ಓಪನಿಂಗ್ ಮಾಡಬೇಕು ಅಂದವರ ಮುಖ ನೋಡಬೇಕಿತ್ತು. ಒಂದು ವರ್ಷ ಹೂವೇ ಇಲ್ಲ!

2022ರ ಜೂನ್‌ನಲ್ಲಿ, ಆರಿದ್ರಾ ಮಳೆಗೆ, ನರ್ಸರಿಯ 120 ಇಕ್ಸೋರಾ (ಕೇಪಳ ಜಾತಿಯ ಹೂಗಿಡ) ನೆಟ್ಟೆ. ಗುಂಡಿಗೆ ಕೊಟ್ಟಿಗೆ ಗೊಬ್ಬರದ ಜೊತೆ ಮಂಡಕ್ಕಿ ಭಟ್ಟಿಯ ಬೂದಿ. ಪುಕ್ಕಟೆ ಸಿಕ್ಕಿತ್ತು, ಮಣ್ಣು ಸಡಿಲ ಆಗುತ್ತೆ ಅಂತ ಲೆಕ್ಕ. ಬೂದಿಯಿಂದ ಕೆಟ್ಟ ಮಣ್ಣಿಗೆ ಮತ್ತೆ ಬೂದಿ! ಇಪ್ಪತ್ತು ವರ್ಷ ಗಿಡ ಮಾರಿದವನು ಮಾಡುವ ಕೆಲಸವಾ ಇದು? ಶ್ರಾವಣ ಮುಗಿಯುವ ಹೊತ್ತಿಗೆ ಎಲೆ ಹಳದಿ, ನರ ಮಾತ್ರ ಹಸಿರು. ಕ್ಷಾರದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕಲ್ಲ. ಫೆರಸ್ ಸಲ್ಫೇಟ್ ಸಿಂಪಡಿಸಿದಾಗ ಹಸಿರಾಗುತ್ತಿತ್ತು, ಹದಿನೈದು ದಿನಕ್ಕೆ ಮತ್ತೆ ಹಳದಿ. ಇದರ ಮೇಲೆ ಎರೆಮಣ್ಣಿನಲ್ಲಿ ತೋಡಿದ ಗುಂಡಿ ಬಟ್ಟಲಿನ ಹಾಗೆ, ನೀರು ನಿಂತು ಬೇರು ಕೊಳೆಯಿತು. ಒಂದೂ ಉಳಿಯಲಿಲ್ಲ.

ಮಿಲ್ಲಿನಲ್ಲಿ ನೂಲನ್ನು ಲಡಿ ಸುತ್ತುವ ರೀಲಿಂಗ್ ಖಾತೆಯಲ್ಲಿ ದುಡಿದಿದ್ದ ಒಬ್ಬ ಅಜ್ಜಿ ದಿನಾ ಅಲ್ಲಿ ಆಡು ಮೇಯಿಸುತ್ತಿದ್ದರು. "ತಮ್ಮಾ, ರೊಕ್ಕ ಕೊಟ್ಟು ತಂದ ಗಿಡ ಸಾಯ್ತಾವು. ತಾನೇ ಹುಟ್ಟಿದ್ದನ್ನ ಕೀಳಸ್ತೀಯಲ್ಲ?" ಅಂದರು. ನೋಡಿದರೆ ಕಾಂಪೌಂಡ್ ಮೂಲೆಯ ಕಿಟ್ಟದ ರಾಶಿ ಮೇಲೆ, ಕಳೆ ಅಂತ ಕೀಳಿಸಲು ಹೊರಟಿದ್ದ ಜಾಗದಲ್ಲಿ, ಎರಡು ತಂಗಡಿ ಗಿಡ ಹಳದಿ ಹೂ ಹೊತ್ತು ನಿಂತಿದ್ದವು. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಆದರೆ ತಂಗಡಿ, ಲಕ್ಕಿ, ಕಣಗಿಲೆ ಈ ಮೂರನ್ನೂ ಅಜ್ಜಿಯ ಆಡುಗಳು ಮೂಸಿ ಬಿಟ್ಟವು. ನನ್ನ ಪಟ್ಟಿ ಅಲ್ಲೇ ತಯಾರಾಯ್ತು.

ಚಿತ್ರದುರ್ಗದ ರಸ್ತೆ ಬದಿಯಿಂದ ಒಣಗಿದ ತಂಗಡಿ ಕಾಯಿ ತಂದೆ. ಬೀಜದ ಸಿಪ್ಪೆ ಗಟ್ಟಿ. ಕುದಿ ಇಳಿಸಿದ ಬಿಸಿನೀರಿಗೆ ಹಾಕಿ ಒಂದು ರಾತ್ರಿ ಬಿಟ್ಟರೆ ಉಬ್ಬುತ್ತೆ. ಉಬ್ಬದಿದ್ದನ್ನು ಮತ್ತೆ ಹಾಕಬೇಕು. 2023ರ ಮುಂಗಾರಿಗೆ ಗುಂಡಿ ತೋಡಲಿಲ್ಲ, ಒಂದಡಿ ಎತ್ತರದ ಏರುಮಡಿ ಮಾಡಿ ನೆಟ್ಟೆ. ನೀರಂಚಿಗೆ ಲಕ್ಕಿ, ಅದರ ನೀಲಿ ಗೊಂಚಲು ನೀರಿನಲ್ಲಿ ಕಾಣುತ್ತೆ. ನಡುವೆ ರತ್ನಗಂಧಿ, ಕೆಂಪು ಮತ್ತು ಹಳದಿ. ಏರಿಯುದ್ದಕ್ಕೂ ತಂಗಡಿ. ಕಣಗಿಲೆ ವಿಷ, ಅದಕ್ಕೆ ಮಕ್ಕಳು ಓಡಾಡದ ಆಚೆ ದಡದಲ್ಲಿ ಮಾತ್ರ. ಬಳ್ಳಾರಿ ಜಾಲಿ ಮಾತ್ರ ಇವತ್ತಿಗೂ ಕಾಟ. ಬುಡ ಸಮೇತ ಅಗೆಯದೆ ಕಡಿದರೆ ಎರಡು ತಿಂಗಳಿಗೆ ಮತ್ತೆ ಹಾಜರ್.

2024ರ ದೀಪಾವಳಿ ಹೊತ್ತಿಗೆ ಏರಿ ಪೂರ್ತಿ ಹಳದಿಯಾಯ್ತು. ಫೋಟೋ ತೆಗೆಯೋಣ ಅಂತ ಹಬ್ಬದ ಬೆಳಿಗ್ಗೆ ಆರಕ್ಕೇ ಹೋದೆ. ಒಂದು ಹೂ ಇಲ್ಲ! ಕೆಲವು ಕೊಂಬೆ ಮುರಿದೂ ಇದ್ದವು. ಕೋಪದಲ್ಲೇ ಹಳೆ ಕ್ವಾರ್ಟರ್ಸ್ ಕಡೆ ನಡೆದೆ. ಸಾಲುಮನೆಗಳ ಹೊಸ್ತಿಲ ಎರಡೂ ಬದಿಗೆ ಸಗಣಿ ಉಂಡೆ, ಪ್ರತಿ ಉಂಡೆಗೂ ತಂಗಡಿ ಹೂ. ಅಜ್ಜಿ ಬಾಗಿಲಲ್ಲಿ ಕೂತಿದ್ದರು. "ಬಾ ತಮ್ಮಾ, ಹೋಳಿಗೆ ತಿನ್ನು. ಈ ಸಲ ಹೂವಿಗೆ ಮಾರ್ಕೆಟ್‌ಗೆ ಹೋಗಲೇ ಇಲ್ಲ ನೋಡು" ಅಂದರು.

ಹೋಳಿಗೆ ತಿಂದು ಬಂದೆ. ಮುರಿದ ಕೊಂಬೆಗಳನ್ನು ಕತ್ತರಿಯಿಂದ ನೀಟಾಗಿ ಸವರಿದೆ. ಫೋಟೋಗೆ ಜಾಗದವರು ಇನ್ನೂ ಕೇಳುತ್ತಿದ್ದಾರೆ.