‘ಮಗಳ ಪೋನಿ’ ಅಂದರೆ ನಂಬುವ ಮೊದಲು

ಕೆಲವು ಕುದುರೆ ವ್ಯಾಪಾರಿಗಳು ಸ್ವಂತಕ್ಕೆ ಸಾಕಿದವರ ವೇಷ ಹಾಕಿ, ‘ಮಗಳ ಪೋನಿ’ ಅಂತ ಹೇಳಿ ಮಾರುತ್ತಾರೆ. ಅವರನ್ನು ಗುರುತಿಸುವುದು ಹೇಗೆ ಅಂತ, ಮಗಳಿಗೆ ಪೋನಿ (ಗಿಡ್ಡ ಕುದುರೆ) ಕೊಳ್ಳಲು ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಅಲೆದಾಗ ಕಲಿತದ್ದಿದು. ಫೋನ್ ಮಾಡಿದಾಗ ಕುದುರೆಯ ಹೆಸರು ಹೇಳಬೇಡಿ. ‘ಕುದುರೆ ಮಾರಾಟಕ್ಕಿದೆಯಂತಲ್ಲ’ ಅಂತಷ್ಟೇ ಕೇಳಿ. ‘ಯಾವುದು?’ ಅಂದರೆ ಅವರ ಹತ್ತಿರ ಒಂದಕ್ಕಿಂತ ಜಾಸ್ತಿ ಇವೆ.

ನಾವು ನೋಡಿದ ಕಂದು ಪೋನಿ ‘ಮಗಳದ್ದು, ಮೂರು ವರ್ಷದಿಂದ ಇದೆ’ ಅಂದರು. ಜೀನು ಹಾಕಿದರೆ ಹಿಂದಕ್ಕೆ ಜಾರಿತು. ಹೊಟ್ಟೆಪಟ್ಟಿಯಲ್ಲಿ ಹೊಸದಾಗಿ ಕೊರೆದ ಎರಡು ತೂತು. ಮೂರು ವರ್ಷ ಸವಾರಿ ಮಾಡಿದ ಜೀನು ಹಾಗೆ ಕೂರಲ್ಲ ಅಲ್ವಾ? ಚಳಿಗಾಲದಲ್ಲಿ ಏನು ತಿನ್ನಿಸ್ತೀರಿ, ಲಾಳ ಹೊಡೆಯುವವರು ಯಾವಾಗ ಬಂದಿದ್ದರು ಅಂತ ಕೇಳಿದೆ. ತಡಬಡಾಯಿಸಿದರು. ಮಗಳು ಆಸುಪಾಸಿನಲ್ಲೂ ಇರಲಿಲ್ಲ.

ಕುದುರೆಯ ಪಾಸ್‌ಪೋರ್ಟ್, ಅಂದರೆ ಅದರ ಗುರುತಿನ ದಾಖಲೆ, ಕೇಳಿ. ಬ್ರಿಟನ್‌ನಲ್ಲಿ ಪ್ರತಿ ಕುದುರೆಗೂ ಅದು ಇರಲೇಬೇಕು. ಕೊಂಡವರು 30 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಬೇಕು. ನಮಗೆ ತೋರಿಸಿದ್ದರಲ್ಲಿ ಬೇರೆ ಯಾರದೋ ಹೆಸರಿತ್ತು. ಮಾರುವವರ ಫೋನ್ ನಂಬರನ್ನೂ ಗೂಗಲ್‌ನಲ್ಲಿ ಹಾಕಿ ನೋಡಿ. ನಾನು ಹಾಕಿದಾಗ ಇನ್ನೂ ನಾಲ್ಕು ಕುದುರೆಗಳ ಜಾಹೀರಾತು ಸಿಕ್ಕಿತು.

ಇಷ್ಟೆಲ್ಲ ಯಾಕೆಂದರೆ, ಬ್ರಿಟನ್‌ನ 2015ರ ಗ್ರಾಹಕ ಹಕ್ಕು ಕಾಯ್ದೆ ಪ್ರಕಾರ ವ್ಯಾಪಾರಿ ಮಾರಿದ ಕುದುರೆಯಲ್ಲಿ ದೋಷವಿದ್ದರೆ 30 ದಿನದಲ್ಲಿ ವಾಪಸ್ ಕೊಡಬಹುದು. ಸ್ವಂತಕ್ಕೆ ಸಾಕಿದವರು ಮಾರಿದರೆ ಆ ಹಕ್ಕಿಲ್ಲ. ಅದಕ್ಕೇ ಈ ವೇಷ. ಅಲ್ಲಿ ಇದು ಕಾನೂನಿಗೆ ವಿರುದ್ಧ. ಜಾಹೀರಾತು, ಮೆಸೇಜು ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ದುಡ್ಡು ಕೊಡುವ ಮೊದಲು ನಿಮ್ಮದೇ ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ, ರಕ್ತದ ಮಾದರಿಯನ್ನೂ ತೆಗೆಸಿ. ನೋವಿನ ಔಷಧಿ ಕೊಟ್ಟು ಕುಂಟು ಮರೆಸಿದ್ದರೆ ಅದರಲ್ಲಿ ಸಿಗಬಹುದು.