ಕುದುರೆಗೆ ಹುಲ್ಲಿನ ಬಲೆ: ಕಣ್ಣು ಅಳೆದು ಕೊಳ್ಳಿ, ಎತ್ತರ ನೋಡಿ ಕಟ್ಟಿ

ತುಮಕೂರು ಜಿಲ್ಲೆಯಲ್ಲಿ ಕುದುರೆ ಎಂದರೆ ಮೊದಲು ನೆನಪಾಗುವುದು ಕುಣಿಗಲ್ಲಿನ ಸ್ಟಡ್ ಫಾರ್ಮ್. ಆದರೆ ಮದುವೆ ಮೆರವಣಿಗೆಗೆ ಬಾಡಿಗೆ ಕೊಡುವವರ ಮನೆಯಲ್ಲೂ ಕುದುರೆಗಳಿವೆ, ಹವ್ಯಾಸಕ್ಕೆಂದು ತೆಂಗಿನ ತೋಟದ ಮೂಲೆಯಲ್ಲಿ ಒಂದೆರಡು ಕಟ್ಟಿಕೊಂಡವರೂ ಇದ್ದಾರೆ. ಇಂಥ ಕಡೆ ಮೇವು ಹಾಕುವ ಕ್ರಮ ಮಾತ್ರ ಹೆಚ್ಚಾಗಿ ದನದ ಕೊಟ್ಟಿಗೆಯದು: ಬೆಳಿಗ್ಗೆ ಒಂದು ತೆಕ್ಕೆ, ಸಂಜೆ ಒಂದು ತೆಕ್ಕೆ. ಹಸು ಗಬಗಬನೆ ತಿಂದು, ಆಮೇಲೆ ಮಲಗಿ ಮೆಲುಕು ಹಾಕಿಕೊಳ್ಳುತ್ತದೆ. ಕುದುರೆಗೆ ಆ ಸೌಕರ್ಯವಿಲ್ಲ. ಅದರ ಜಠರ ಚಿಕ್ಕದು. ಮೇವು ಇರಲಿ, ಬಿಡಲಿ, ಒಳಗೆ ಆಮ್ಲ ಒಸರುತ್ತಲೇ ಇರುತ್ತದೆ. ಹೊತ್ತುಗಟ್ಟಲೆ ಬಾಯಾಡದೆ ನಿಂತರೆ ಜಠರದಲ್ಲಿ ಹುಣ್ಣಾಗುತ್ತದೆ, ಹೊಟ್ಟೆಶೂಲೆಗೂ ದಾರಿಯಾಗುತ್ತದೆ. ಹುಲ್ಲಿನ ಬಲೆ ಎಂದರೆ ಒಣ ಹುಲ್ಲು ತುಂಬಿ ಗೋಡೆಗೆ ತೂಗುಹಾಕುವ, ಹಗ್ಗದಿಂದ ಹೆಣೆದ ಚೀಲ; ಕುದುರೆ ಅದರ ಕಣ್ಣುಗಳಿಂದ ಸ್ವಲ್ಪ ಸ್ವಲ್ಪವೇ ಎಳೆದು ತಿನ್ನಬೇಕು. ಸಂಜೆ ಹಾಕಿದ ಹುಲ್ಲು ರಾತ್ರಿಯ ಬಹುಪಾಲು ಬಾಳುವಂತೆ ಮಾಡುವುದೇ ಈ ಬಲೆಯ ಕೆಲಸ. ಹುಲ್ಲು ಲದ್ದಿ, ಗಂಜಲದಲ್ಲಿ ತುಳಿದು ಹಾಳಾಗುವುದು ತಪ್ಪುವುದು ಅದರ ಮೇಲಿನ ಲಾಭ.

ಕೊಳ್ಳುವಾಗ

ಅಂಗಡಿಯವರು ಬಣ್ಣ ತೋರಿಸುತ್ತಾರೆ. ನೀವು ಅಳತೆಪಟ್ಟಿ ಹಿಡಿದು ಹೋಗಿ. ಬಲೆಯ ಕಣ್ಣು 10ರಿಂದ 15 ಸೆಂಟಿಮೀಟರ್ ಇದ್ದರೆ ಹುಲ್ಲು ಚೆಲ್ಲುವುದು ಕಡಿಮೆಯಾದೀತೇ ಹೊರತು ತಿನ್ನುವ ವೇಗ ಅಷ್ಟಾಗಿ ತಗ್ಗುವುದಿಲ್ಲ. ಸಾಮಾನ್ಯ ಕುದುರೆಗೆ 4ರಿಂದ 5 ಸೆಂಟಿಮೀಟರ್ ಸರಿ. ಬೊಜ್ಜು ಬಂದ, ಕೆಲಸ ಕಡಿಮೆಯಿರುವ ಕುದುರೆಗೆ 3 ಸೆಂಟಿಮೀಟರಿನದು ಒಳ್ಳೆಯದು, ಆದರೆ ಮೊದಲ ದಿನವೇ ಅದನ್ನು ಕಟ್ಟಬೇಡಿ. ಹುಲ್ಲು ಬಾಯಿಗೆ ಬಾರದ ಸಿಟ್ಟಿಗೆ ಕುದುರೆ ಹಗ್ಗವನ್ನೇ ಕಡಿಯಲು ಶುರು ಮಾಡುತ್ತದೆ. ದೊಡ್ಡ ಕಣ್ಣಿನ ಬಲೆಯಿಂದ ಆರಂಭಿಸಿ, ಚಿಕ್ಕದಕ್ಕೆ ಬಂದಾಗ ಪಕ್ಕದಲ್ಲಿ ಒಂದಿಷ್ಟು ಬಿಡಿ ಹುಲ್ಲನ್ನೂ ಇಟ್ಟಿರಿ.

ನಮ್ಮ ರಾಗಿ ಹುಲ್ಲಿನ ದಂಟು ಉದ್ದ. ಚಿಕ್ಕ ಕಣ್ಣಿನಲ್ಲಿ ಅದು ಅಡ್ಡ ಸಿಕ್ಕಿಕೊಳ್ಳುತ್ತದೆ. ಅದನ್ನೇ ಹೆಚ್ಚು ಹಾಕುವವರು 5 ಸೆಂಟಿಮೀಟರಿಗಿಂತ ಕೆಳಗೆ ಇಳಿಯದಿರುವುದು ಕ್ಷೇಮ.

ನೈಲಾನ್ ಬಲೆ ಬಾಳಿಕೆಗೆ ಸರಿ, ಹಗ್ಗ ದಪ್ಪವಿರಬೇಕಷ್ಟೆ. ಮೀನಿನ ಬಲೆಯಂಥ ಸಣ್ಣ ದಾರ ಹಲ್ಲಿನ ಸಂದಿಗೆ ಇಳಿದು ಒಸಡು ಕೊಯ್ಯುತ್ತದೆ. ತಿಪಟೂರಿನ ಕಡೆ ತೆಂಗಿನ ನಾರಿನ ಹಗ್ಗಕ್ಕೆ ಬರವಿಲ್ಲ, ಆದರೆ ಅದು ಮೂತಿಗೆ ಒರಟು, ನಾರೂ ಉದುರುತ್ತದೆ. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ದನದ ಜಾತ್ರೆಗೆ ಹೋಗುವವರು ಅಲ್ಲಿ ಹತ್ತಿ ಹಗ್ಗ ಕೊಂಡು ಬಲೆ ಹೆಣೆಸಿಕೊಳ್ಳಬಹುದು. ನೆನೆಸಿದ ಹುಲ್ಲಿಗೆ ಮಾತ್ರ ಅದನ್ನು ಬಳಸಬೇಡಿ, ಬೇಗ ಕೊಳೆಯುತ್ತದೆ.

ಒಳಗೆ ಏನು, ಎಷ್ಟು

ಒಣ ಮೇವು ದಿನಕ್ಕೆ ಕುದುರೆಯ ತೂಕದ ಶೇಕಡಾ 1.5ರಿಂದ 2ರಷ್ಟು ಬೇಕು. 300 ಕಿಲೋ ತೂಗುವ ಕುದುರೆಗೆ ನಾಲ್ಕೂವರೆಯಿಂದ ಆರು ಕಿಲೋ. ತೆಕ್ಕೆಯ ಲೆಕ್ಕವನ್ನು ನಂಬಬೇಡಿ, ಒಬ್ಬೊಬ್ಬರ ತೆಕ್ಕೆ ಒಂದೊಂದು ಅಳತೆ. ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿಗೆ ತುಂಬಿದ ಬಲೆಯನ್ನೇ ತೂಗುಹಾಕಿ ನೋಡಿ.

ರಾಗಿ ಹುಲ್ಲು ಒಂದರಿಂದಲೇ ಕುದುರೆ ಬದುಕಲಾರದು, ಅದರಲ್ಲಿ ಪ್ರೋಟೀನ್ ತೀರ ಕಡಿಮೆ. ಒಣಗಿಸಿದ ಗರಿಕೆ ಅಥವಾ ರೋಡ್ಸ್ ಹುಲ್ಲು ಮುಖ್ಯವಾಗಿರಲಿ, ಕುದುರೆ ಮೆಂತೆ (ಲೂಸರ್ನ್) ಸ್ವಲ್ಪ ಸೇರಲಿ. ಶಿರಾ, ಪಾವಗಡದ ಕಡಲೆಕಾಯಿ ಬಳ್ಳಿಯನ್ನು ಕುದುರೆ ಇಷ್ಟಪಟ್ಟು ತಿನ್ನುತ್ತದೆ, ಆದರೆ ಬೇರಿಗೆ ಅಂಟಿದ ಮಣ್ಣು ಹೊಟ್ಟೆ ಸೇರಿ ಕರುಳಿನಲ್ಲಿ ಕೂರುತ್ತದೆ. ಬೇರು ಕತ್ತರಿಸಿ, ಚೆನ್ನಾಗಿ ಕೊಡವಿ ಹಾಕಿ. ಹಸುವಿಗೆ ಬೆಳೆದ ನೇಪಿಯರ್ ಹುಲ್ಲು ಇದೆಯಲ್ಲ ಎಂದು ಅದನ್ನೇ ನಿತ್ಯದ ಮೇವು ಮಾಡಬೇಡಿ. ಅದರಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಕಟ್ಟಿಹಾಕುತ್ತದೆ, ಬಹುಕಾಲ ತಿಂದ ಕುದುರೆಯ ಮುಖದ ಮೂಳೆ ಊದಿಕೊಳ್ಳುತ್ತದೆ. ಹಸಿ ಜೋಳದ ಮೇವಂತೂ ಬೇಡವೇ ಬೇಡ.

ತುಂಬುವ ಬಗೆ

ಮೊದಲು ಕಂತೆ ಕಟ್ಟಿದ ದಾರವನ್ನೆಲ್ಲ ಕತ್ತರಿಸಿ ತೆಗೆದು, ಬಲೆಯ ಹತ್ತಿರವೂ ಸುಳಿಯದಂತೆ ದೂರ ಇಡಿ. ಪ್ಲಾಸ್ಟಿಕ್ ದಾರ ನುಂಗಿದರೆ ಕರುಳು ಕಟ್ಟುತ್ತದೆ. ಹುಲ್ಲನ್ನು ಲಾಯದ ಹೊರಗೆ ಬಿಡಿಸಿ ಕೊಡವಿ. ಬೂಷ್ಟಿನ ವಾಸನೆ ಬಂದರೆ, ಬಿಳಿ ಪುಡಿ ಹಾರಿದರೆ ಆ ಕಂತೆ ಗೊಬ್ಬರದ ಗುಂಡಿಗೆ ಹೋಗಲಿ. ನವೆಂಬರ್, ಡಿಸೆಂಬರ್ ಹೊತ್ತಿಗೆ ರಾಗಿ ಕೊಯ್ಲಿನಲ್ಲಿ ಮಳೆ ಹಿಡಿದ ವರ್ಷ ಬಣವೆಯ ಒಳಭಾಗವನ್ನು ವಿಶೇಷವಾಗಿ ನೋಡಬೇಕು, ಹೊರಗೆ ಚಿನ್ನದ ಬಣ್ಣವಿದ್ದರೂ ಒಳಗೆ ಕಪ್ಪಾಗಿರುತ್ತದೆ.

ಒಬ್ಬರೇ ತುಂಬುವಾಗ ಬಲೆಯನ್ನು ಪ್ಲಾಸ್ಟಿಕ್ ಡ್ರಮ್ಮಿನೊಳಗೆ ಇಳಿಬಿಟ್ಟು, ಬಾಯಿಯನ್ನು ಡ್ರಮ್ಮಿನ ಅಂಚಿಗೆ ಮಗುಚಿ ಸಿಕ್ಕಿಸಿ. ಎರಡೂ ಕೈ ಬಿಡುವಾಗುತ್ತದೆ. ರಾಗಿ ಹುಲ್ಲನ್ನೂ ಮೆತ್ತನೆಯ ಹುಲ್ಲನ್ನೂ ಕಲೆಸಿ ತುಂಬಿ, ಇಲ್ಲದಿದ್ದರೆ ಕುದುರೆ ರುಚಿಯಾದದ್ದನ್ನು ಆರಿಸಿ ತಿಂದು ಉಳಿದದ್ದಕ್ಕೆ ಬೆನ್ನು ತಿರುಗಿಸುತ್ತದೆ. ಕಾಲಿನಿಂದ ತುಳಿದು ಗಟ್ಟಿ ಮಾಡಬೇಡಿ.

ಕೆಮ್ಮುವ ಕುದುರೆಗಾದರೆ ತುಂಬಿದ ಬಲೆಯನ್ನು 10ರಿಂದ 30 ನಿಮಿಷ ನೀರಿನಲ್ಲಿ ಮುಳುಗಿಸಿ, ನೀರು ಬಸಿದು ಕಟ್ಟಿ. ತೂಕ ನೋಡುವುದು ನೆನೆಸುವ ಮೊದಲು. ಕಂದು ನೀರನ್ನು ತೆಂಗಿನ ಬುಡಕ್ಕೆ ಸುರಿಯಿರಿ, ಕುದುರೆಗೆ ಕುಡಿಸಬೇಡಿ. ಬೇಸಿಗೆಯಲ್ಲಿ ನೆನೆದ ಹುಲ್ಲು ಬೇಗ ಹುಳಿಯುತ್ತದೆ, ಆದ್ದರಿಂದ ರಾತ್ರಿ ಉಳಿದದ್ದನ್ನು ಬೆಳಿಗ್ಗೆ ಎಸೆಯಬೇಕು.

ಕಟ್ಟುವುದು

ಅವಘಡಗಳು ಹೆಚ್ಚಾಗಿ ಆಗುವುದು ಇಲ್ಲೇ. ಹುಲ್ಲು ಮುಗಿಯುತ್ತಾ ಬಂದಂತೆ ಬಲೆ ಜೋತುಬೀಳುತ್ತದೆ, ಮುಂಗಾಲು ಕೆರೆಯುವ ಕುದುರೆಯ ಗೊರಸು ಅದರಲ್ಲಿ ಸಿಕ್ಕಿಬೀಳುತ್ತದೆ. ಲಾಳ ಹೊಡೆಸಿದ ಕುದುರೆಗೆ ಅಪಾಯ ಇನ್ನೂ ಹೆಚ್ಚು. ಹಾಗಾಗಿ ಬಲೆಯನ್ನು ಖಾಲಿಯಿರುವಾಗಲೇ ಒಮ್ಮೆ ಕಟ್ಟಿ ನೋಡಿ: ತಳ ಕುದುರೆಯ ಎದೆಗಿಂತ ಮೇಲಿರಬೇಕು. ತೀರ ಎತ್ತರಿಸಿದರೆ ದೂಳು ಕಣ್ಣಿಗೆ, ಮೂಗಿಗೆ ಬೀಳುತ್ತದೆ. ಬಲೆಯ ಮೇಲ್ತುದಿ ಕಣ್ಣಿನ ಮಟ್ಟವನ್ನು ದಾಟದಿರಲಿ.

ಹಗ್ಗವನ್ನು ಗೋಡೆಯ ಬಳೆಯಲ್ಲಿ ತೂರಿಸಿ ಬಲೆಯನ್ನು ಮೇಲಕ್ಕೆಳೆಯಿರಿ. ಅದೇ ತುದಿಯನ್ನು ಬಲೆಯ ತಳದ ಒಂದು ಕಣ್ಣಿನಲ್ಲಿ ದಾಟಿಸಿ ಮತ್ತೆ ಮೇಲಕ್ಕೆ ತಂದು, ಎಳೆದರೆ ಬಿಚ್ಚುವ ಗಂಟು ಹಾಕಿ. ಆಗ ಖಾಲಿಯಾದ ಬಲೆಯೂ ಮಡಿಸಿಕೊಂಡೇ ನಿಲ್ಲುತ್ತದೆ. ಕುದುರೆ ಮರಿ ಇರುವ ಲಾಯದಲ್ಲಿ ಬಲೆ ಕಟ್ಟಲೇಬೇಡಿ, ಅಲ್ಲಿ ಗೋದಲಿಯೇ ಸರಿ.

ಪ್ರತಿ ಸಲ ತುಂಬುವ ಮುನ್ನ ಕಣ್ಣುಗಳ ಮೇಲೆ ಕೈಯಾಡಿಸಿ. ಒಂದು ಎಳೆ ಹರಿದು ಎರಡು ಕಣ್ಣು ಸೇರಿಕೊಂಡಿದ್ದರೆ ಅಷ್ಟರಲ್ಲೇ ಗೊರಸು ತೂರುತ್ತದೆ. ಅದೇ ದಪ್ಪದ ಹಗ್ಗದಿಂದ ಹೆಣೆದು ಮುಚ್ಚಿ. ಅಲ್ಲಲ್ಲಿ ಹರಿಯತೊಡಗಿದ್ದರೆ ಹೊಸ ಬಲೆ ತನ್ನಿ.