ಮಗುಗೆ ಲೆಕ್ಕ ನಿಜವಾಗ್ಲೂ ಬಂತಾ ಅಂತ ಗೇಮ್‌ಗೆ ಗೊತ್ತಾಗೋ ಹಾಗೆ ಮಾಡೋದು ಹೇಗೆ

ಮಕ್ಕಳಿಗೆ ಲೆಕ್ಕದ ಗೇಮ್ ಮಾಡ್ತಿರೋರು ದಯವಿಟ್ಟು ಬರೀ ಸ್ಕೋರ್ ನೋಡಿ ಲೆವೆಲ್ ದಾಟಿಸ್ಬೇಡಿ. ಹತ್ತಕ್ಕೆ ಏಳು ಸರಿ ಅಂದ್ರೆ ತಪ್ಪಾಗಿರೋ ಆ ಮೂರು ಯಾವ್ದು ಅನ್ನೋದೇ ಮುಖ್ಯ.

ಮೊದ್ಲು ಪಾಠನ ಸಣ್ಣ ಸಣ್ಣ ಸ್ಕಿಲ್ ಆಗಿ ಒಡೀರಿ. 58-23 ಸಲೀಸಾಗಿ ಮಾಡೋ ಮಗು 52-27ಕ್ಕೆ 35 ಅಂತ ಬರೆಯತ್ತೆ, ಯಾಕಂದ್ರೆ 2ರಲ್ಲಿ 7 ಹೋಗಲ್ಲ ಅಂತ 7ರಲ್ಲೇ 2 ಕಳೆದುಬಿಡತ್ತೆ, ಅಂದ್ರೆ ಕಳೆಯೋದು ಬರತ್ತೆ, ಹತ್ತರ ಮನೆಯಿಂದ ಸಾಲ ತಗೊಳ್ಳೋದು ಬರಲ್ಲ. ಇವೆರಡನ್ನೂ ಬೇರೆ ಬೇರೆ ಸ್ಕಿಲ್ ಅಂತ ಎಣಿಸಿ.

ಆಮೇಲೆ ಬೇಯೇಸಿಯನ್ ನಾಲೆಡ್ಜ್ ಟ್ರೇಸಿಂಗ್ ಹಾಕಿ, ಅಂದ್ರೆ ಪ್ರತಿ ಉತ್ತರ ನೋಡಿ ಮಗುಗೆ ಆ ಸ್ಕಿಲ್ ಗೊತ್ತಿರೋ ಸಾಧ್ಯತೆ 0ಯಿಂದ 1ರೊಳಗೆ ಎಷ್ಟು ಅಂತ ಅಂದಾಜು ಮಾಡೋ ಮಾಡೆಲ್. ಕಾರ್ನೆಗಿ ಮೆಲನ್ ಯೂನಿವರ್ಸಿಟಿಯ ಕಾರ್ಬೆಟ್ ಮತ್ತು ಆಂಡರ್ಸನ್ 1990ರ ದಶಕದಲ್ಲಿ ಪ್ರೋಗ್ರಾಮಿಂಗ್ ಕಲಿಸೋ ಸಾಫ್ಟ್‌ವೇರ್‌ಗೆ ಮಾಡಿದ್ದು, ಶುರು ಮಾಡೋಕೆ ಈಗ್ಲೂ ಇದೇ ಒಳ್ಳೇದು ಅಂತ ನನ್ನ ಅನಿಸಿಕೆ. ಪ್ರತಿ ಸ್ಕಿಲ್‌ಗೂ ನಾಲ್ಕೇ ನಂಬರ್: ಮೊದ್ಲೇ ಗೊತ್ತಿರೋ ಸಾಧ್ಯತೆ, ಒಂದು ಲೆಕ್ಕ ಮಾಡೋದ್ರಲ್ಲಿ ಕಲಿಯೋ ಸಾಧ್ಯತೆ, ಗೊತ್ತಿಲ್ದೇ ಊಹೆ ಮಾಡಿ ಸರಿಯಾಗೋದು, ಗೊತ್ತಿದ್ದೂ ಕೈತಪ್ಪಿ ತಪ್ಪಾಗೋದು.

ಉದಾಹರಣೆಗೆ ಮೊದಲನೇದು 0.3, ಕಲಿಯೋದು 0.1, ಕೈತಪ್ಪು 0.1, ನಾಲ್ಕು ಆಪ್ಷನ್ ಇರೋದ್ರಿಂದ ಊಹೆ 0.25 ಅಂತಿಟ್ಕೊಳ್ಳಿ. ಮಗು ಸರಿ ಉತ್ತರ ಕೊಡ್ತು. ಗೊತ್ತಿದ್ದು ಸರಿ ಮಾಡಿದ್ದು 0.3×0.9=0.27, ಊಹೆಯಿಂದ ಸರಿಯಾಗಿದ್ದು 0.7×0.25=0.175, ಮೊದಲನೇದನ್ನ ಎರಡರ ಮೊತ್ತದಿಂದ ಭಾಗಿಸಿದ್ರೆ ಮಗುಗೆ ಗೊತ್ತಿರೋ ಸಾಧ್ಯತೆ ಸುಮಾರು 0.61, ಉಳಿದ 0.39ರಲ್ಲಿ ಹತ್ತನೇ ಒಂದು ಭಾಗ ಕಲಿಕೆ ಅಂತ ಸೇರಿಸಿದ್ರೆ 0.65. ಉತ್ತರ ತಪ್ಪಾಗಿದ್ರೆ 0.15ಕ್ಕೆ ಇಳೀತಿತ್ತು. ಈಗ ಆಪ್ಷನ್ ತೆಗೆದು ಉತ್ತರನ ಟೈಪ್ ಮಾಡ್ಸಿ, ಊಹೆ 0.05 ಆಗತ್ತೆ ಅಂದ್ಕೊಂಡ್ರೆ ಅದೇ ಒಂದು ಸರಿ ಉತ್ತರಕ್ಕೆ 0.9 ಹತ್ರ ಹೋಗತ್ತೆ! ಅದಕ್ಕೇ ಹೇಳೋದು, ಮಾಡೆಲ್ ಬದಲಾಯಿಸೋ ಮುಂಚೆ ಪ್ರಶ್ನೆ ಕೇಳೋ ರೀತಿ ಬದಲಾಯಿಸಿ.

ಊಹೆ, ಕೈತಪ್ಪು ಎರಡೂ 0.5 ದಾಟ್ಬಾರ್ದು, ಎರಡೂ ದಾಟಿದ್ರೆ ಮಾಡೆಲ್ ತಲೆಕೆಳಗಾಗಿ ಯೋಚ್ನೆ ಮಾಡೋಕೆ ಶುರು ಮಾಡತ್ತೆ, ಸರಿ ಉತ್ತರ ಬಂದ್ರೂ ಗೊತ್ತಿರೋ ಸಾಧ್ಯತೆ ಇಳಿಸತ್ತೆ.

ಗೇಮ್‌ನಲ್ಲಿ ಮಕ್ಕಳು ಎಲ್ಲಾ ಬಟನ್ನೂ ಒತ್ತಿ ಒತ್ತಿ ಸರಿ ಮಾಡ್ತಾರಲ್ಲ, ಹಾಗಾಗಿ ಪ್ರತಿ ಲೆಕ್ಕದಲ್ಲೂ ಮೊದಲ ಪ್ರಯತ್ನ ಮಾತ್ರ ಎಣಿಸಿ, ಹಿಂಟ್ ತಗೊಂಡ್ರೆ ಬರಲಿಲ್ಲ ಅಂತ್ಲೇ ಹಿಡೀರಿ, ಆದ್ರೆ ಅದಕ್ಕೆ ಪಾಯಿಂಟ್ ಕತ್ತರಿಸ್ಬೇಡಿ, ಪಾಪ, ಆಮೇಲೆ ಮಗು ಸಹಾಯ ಕೇಳೋದನ್ನೇ ಬಿಟ್ಬಿಡತ್ತೆ.

ಗೊತ್ತಿರೋ ಸಾಧ್ಯತೆ 0.95 ದಾಟಿದ್ರೆ ಮುಂದಿನ ಸ್ಕಿಲ್‌ಗೆ ಕಳಿಸೋದು ವಾಡಿಕೆ. ಆದ್ರೆ ಈ ಮೂಲ ಮಾಡೆಲ್‌ನಲ್ಲಿ ಮರೆವು ಅನ್ನೋದೇ ಇಲ್ಲ, ಬೇಸಿಗೆ ರಜೆ ಮುಗಿಸಿ ಬಂದ ಮಗುಗೂ ಹಳೇ 0.95 ಹಾಗೇ ಇರತ್ತೆ, ಅದಕ್ಕೆ ತುಂಬಾ ದಿನ ಆಡದೇ ಇದ್ರೆ ಆ ನಂಬರ್ ಸ್ವಲ್ಪ ಇಳಿಸಿ, ಹಳೇ ಸ್ಕಿಲ್‌ನ ಒಂದೆರಡು ಲೆಕ್ಕ ಮತ್ತೆ ಕೇಳಿ.